ನನ್ನ ಬೆಲೆ ಯಾರ ಖಾತೆಯಲ್ಲಿದೆ? ದೇವರ ಹತ್ತಿರ ಕೂರಲು ಕಲಿಯುವವರಿಗೆ

ಕಲಬುರಗಿಯ ಗಂಜ್ ಕಡೆಯ ಒಂದು ದಾಲ್ ಮಿಲ್‌ನಲ್ಲಿ ನಾನು 11 ವರ್ಷ ಲೆಕ್ಕ ಬರೆದೆ. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಕ್ವಿಂಟಲ್ ಹೋಯ್ತು, ಹಮಾಲರ ಕೂಲಿ ಎಷ್ಟು, ಯಾವ ಅಡತಿ ಅಂಗಡಿಯ ಬಾಕಿ ಎಷ್ಟು, ಎಲ್ಲಾ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಒಂದು ಜನವರಿಯಲ್ಲಿ, ಹೊಸ ತೊಗರಿ ಬರುವ ಭರದಲ್ಲೇ, ಮಾಲೀಕರು ಕರೆದು ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು. ಸಾಫ್ಟ್‌ವೇರ್ ಹಾಕಿಸಿದ್ದರು. ಅವರ ಮಗ ಒಂದು ಮಾತು ಸೇರಿಸಿದ: "ನಿಮ್ಮ ಕೆಲಸ ಈಗ ಒಂದು ಬಟನ್ ಒತ್ತಿದ್ರ ಆಗ್ತದ್ರಿ ಮೇಡಂ."

ಆ ಹುಡುಗ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನೊಳಗೆ ಹೋಗಿ ಕೂತುಬಿಟ್ಟಿತು. ಮಿಲ್‌ನಲ್ಲಿ ಬೇಳೆಗೆ ಗ್ರೇಡ್ ಇರುತ್ತದೆ. ಚೆನ್ನಾಗಿ ಎರಡು ಹೋಳಾದದ್ದು ಫಟ್ಕಾ, ಅದಕ್ಕೆ ಒಳ್ಳೆ ರೇಟು. ಮುರಿದದ್ದು ತುಕಡಾ. ಕೊನೆಗೆ ಉಳಿಯುವ ನುಚ್ಚು, ಪುಡಿ, ಸಿಪ್ಪೆ ಚುನ್ನಿ. ಅದು ದನಕ್ಕೆ. ಮೂರು ತಿಂಗಳು ಮನೆಯಲ್ಲಿ ಕೂತಾಗ ನಾನು ಚುನ್ನಿಯೇ ಎಂದು ನನಗೆ ಅನಿಸುತ್ತಿತ್ತು. ಯಾರಾದರೂ "ಏನ್ ಮಾಡ್ಲಾಕತ್ತೀರಿ ಈಗ?" ಎಂದು ಕೇಳಿದರೆ ಬಾಗಿಲು ಹಾಕಿಕೊಂಡು ಒಳಗೆ ಹೋಗಬೇಕು ಅನಿಸುತ್ತಿತ್ತು.

ಅಲ್ಲಿಂದ ನಿಧಾನವಾಗಿ ಎದ್ದು ಬಂದ ದಾರಿ ಇದು. ಆಮೇಲೆ ಈ ಮಾತು ಹಂಚಿಕೊಂಡವರು ಬಹಳ ಜನ. ನೇಮಕಾತಿ ಪರೀಕ್ಷೆಯಲ್ಲಿ ನಾಲ್ಕು ಸಲ ಸೋತ ಹುಡುಗರು. ಮಕ್ಕಳಾಗಿಲ್ಲ ಎಂದು ನೆರೆಮನೆಯ ಕುಬುಸಕ್ಕೆ (ಸೀಮಂತಕ್ಕೆ) ಕರೆಯದೆ ಬಿಟ್ಟ ಹೆಣ್ಣುಮಕ್ಕಳು. ಪುಣೆ, ಮುಂಬೈಗೆ ದುಡಿಯಲು ಹೋಗಿ ಬರಿಗೈಯಲ್ಲಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದವರು. ಎಲ್ಲರದೂ ಒಂದೇ ಪ್ರಶ್ನೆ: ನನ್ನ ಬೆಲೆ ಎಷ್ಟು, ಅದನ್ನು ಹೇಳುವವರು ಯಾರು? ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಇಷ್ಟಲಿಂಗ ಕಟ್ಟುವ ಮನೆಯವಳು. ನಿಮ್ಮ ಮನೆಯ ದೇವರು ಬೇರೆ ಇರಬಹುದು. ಇಲ್ಲಿ ಹೇಳುವುದನ್ನೆಲ್ಲ ನಿಮ್ಮ ನಿಮ್ಮ ದೇವರ ಮುಂದೆ ಮಾಡಬಹುದು.

ಮೊದಲು ಒಂದು ನೋಟ್‌ಬುಕ್ ತಗೊಳ್ಳಿ

ಪೂಜೆ, ಪ್ರಾರ್ಥನೆ ಆಮೇಲೆ. ಮೊದಲು ನಿಮ್ಮ ಬೆಲೆ ಈಗ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಬೇಕು.

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ, ಇವತ್ತು ಯಾರ ಮಾತಿನಿಂದ ನಾನು ದೊಡ್ಡವನು, ದೊಡ್ಡವಳು ಅನಿಸಿತು ಎಂದು ಬರೆಯಿರಿ. ಬಲಗಡೆ, ಯಾರ ಮಾತಿನಿಂದ ಕುಗ್ಗಿದೆ ಎಂದು ಬರೆಯಿರಿ. ಹೆಸರು, ಆ ಮಾತು, ಅಷ್ಟೇ. ವಿವರಣೆ ಬೇಡ. ಮಾತೇ ಆಗಬೇಕೆಂದಿಲ್ಲ. ವಾಟ್ಸಾಪ್‌ನಲ್ಲಿ ಸ್ಟೇಟಸ್ ನೋಡಿಯೂ ಏನೂ ಹೇಳದವರು, ಮದುವೆಯಲ್ಲಿ ನೋಡಿಯೂ ನೋಡದ ಹಾಗೆ ಹೋದವರು, ಅವರನ್ನೂ ಬರೆಯಿರಿ. ಏಳು ದಿನ ಹೀಗೆ ಮಾಡಿ.

ಎಂಟನೇ ದಿನ ಕೂತು ಓದಿದಾಗ ನನಗೆ ಒಂದು ಸಂಗತಿ ಕಂಡಿತು. ಎರಡೂ ಕಡೆ ಅವೇ ಐದಾರು ಹೆಸರು. ಸೋಮವಾರ ನನ್ನ ಬೆಲೆ ಏರಿಸಿದವರೇ ಗುರುವಾರ ಇಳಿಸಿದ್ದರು. ಅವರು ಕೆಟ್ಟವರಲ್ಲ. ಅವರ ಹತ್ತಿರ ನನ್ನ ಪೂರ್ತಿ ಲೆಕ್ಕ ಇರಲಿಲ್ಲ, ಅಷ್ಟೇ. ಮಾಲೀಕರ ಮಗನಿಗೆ ನನ್ನ ಖಾತೆ ಪುಸ್ತಕ ಗೊತ್ತಿತ್ತು. ನಮ್ಮ ಅಪ್ಪ ತೀರಿಕೊಂಡ ಮಾರನೇ ವಾರ ಕಣ್ಣು ಒರೆಸಿಕೊಂಡು ಕೂತು ಬರೆದ ಪುಟ ಯಾವುದು ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲು ಸಾಧ್ಯವೂ ಇಲ್ಲ, ಅಲ್ವಾ?

ಆ ಪುಟದ ಕೆಳಗೆ ಒಂದು ಪ್ರಶ್ನೆ ಬರೆಯಿರಿ: ನನ್ನ ಪೂರ್ತಿ ಲೆಕ್ಕ ಯಾರಿಗೆ ಗೊತ್ತು? ಉತ್ತರದ ಜಾಗ ಖಾಲಿ ಬಿಡಿ. "ದೇವರಿಗೆ" ಎಂದು ಗಡಿಬಿಡಿಯಲ್ಲಿ ಬರೆಯಬೇಡಿ. ಅದು ಶಾಲೆಯಲ್ಲಿ ಕಲಿತ ಉತ್ತರ ಆಗಿಬಿಡುತ್ತದೆ. ನಿಮ್ಮ ಒಳಗಿನಿಂದ ಬಂದ ದಿನ ಬರೆಯಿರಿ.

ಒಂದು ಹೊತ್ತು, ಒಂದು ಜಾಗ

ಯಾರ ಜೊತೆಗಾದರೂ ನಂಟು ಬೆಳೆಯಬೇಕಾದರೆ ಅವರ ಜೊತೆ ಕೂರಬೇಕು. ದೇವರ ಜೊತೆಗೂ ಹಾಗೇ. ದಿನಕ್ಕೆ 10 ನಿಮಿಷ ಸಾಕು. ಆದರೆ ಅದೇ ಹೊತ್ತು, ಅದೇ ಜಾಗ ಇರಲಿ.

ನಮ್ಮ ಕಡೆ ಬೆಳಗಿನ ಐದೂವರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಮೈಗೂ ಮನಸ್ಸಿಗೂ ತಂಪು ಇರುವುದು ಆಗ ಮಾತ್ರ. ದೇವರ ಜಗಲಿಯ ಮುಂದೆ ಕೂತರೂ ಆಯಿತು, ಮಾಳಿಗೆ ಮೇಲೆ ಕೂತರೂ ಆಯಿತು. ನಮಾಜ್ ಮಾಡುವವರಿಗೆ ಫಜರ್ ಮುಗಿದ ಮೇಲೆ ಚಾಪೆ ಮಡಚದೆ ಇನ್ನೂ ಸ್ವಲ್ಪ ಹೊತ್ತು ಕೂರುವ ದಾರಿ ಇದ್ದೇ ಇದೆ. ಮನೆಯಲ್ಲಿ ಜಾಗವಿಲ್ಲ, ಗದ್ದಲ ಜಾಸ್ತಿ ಎನ್ನುವವರು ಗುಡಿಗೋ ಚರ್ಚಿಗೋ ಹೋಗಬಹುದು. ನಾನು ಮೊದಲ ತಿಂಗಳು ಶರಣಬಸವೇಶ್ವರ ಗುಡಿಯ ಅಂಗಳದ ಒಂದು ಮೂಲೆಯಲ್ಲಿ ಕೂರುತ್ತಿದ್ದೆ. ಮನೆಯಲ್ಲಿ ಕೂತರೆ ಅಳು ಬರುತ್ತಿತ್ತು, ಅವ್ವ ನೋಡಿ ಗಾಬರಿಯಾಗುತ್ತಿದ್ದಳು.

ಮೊಬೈಲ್ ಬೇರೆ ಕೋಣೆಯಲ್ಲಿ ಇರಲಿ. ಇದರಲ್ಲಿ ರಿಯಾಯಿತಿ ಇಲ್ಲ.

ಇಷ್ಟಲಿಂಗದ ವಿಷಯ ಒಂದು ಮಾತು ಹೇಳಬೇಕು. ಚಿಕ್ಕಂದಿನಿಂದ ಶಿವದಾರ ಕೊರಳಲ್ಲಿತ್ತು. ಲಿಂಗ ಇಡುವ ಕರಡಿಗೆ ಎದೆಗೆ ತಾಗುತ್ತಿತ್ತು. ಅದು ಮೈಮೇಲಿನ ಒಂದು ಒಡವೆಯ ಹಾಗೆ ರೂಢಿಯಾಗಿತ್ತು. ಕೆಲಸ ಹೋದ ಮೇಲೆ ಒಂದು ಬೆಳಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತಾಗ ಮೊದಲ ಸಲ ತಿಳಿಯಿತು: 12ನೇ ಶತಮಾನದಲ್ಲಿ ಬಸವಣ್ಣ ಮತ್ತು ಶರಣರು ನಮ್ಮಂಥವರ ಅಂಗೈಗೆ ಏನು ಕೊಟ್ಟರು ಅಂತ. ಗುಡಿಯ ಬಾಗಿಲಲ್ಲಿ ಯಾರೋ ತಡೆಯುವ ಕಾಲದಲ್ಲಿ, ದೇವರನ್ನೇ ತಂದು ಮೈಮೇಲೆ ಕಟ್ಟಿದರು. ನನ್ನ ಅಂಗೈ ಅಷ್ಟು ಗಟ್ಟಿ ಪೀಠ ಎಂದು ಅವರಿಗೆ ನಂಬಿಕೆ ಇತ್ತು. ನನಗೆ ಇರಲಿಲ್ಲ.

ನಿಮ್ಮ ಮಾತಿನಲ್ಲೇ ಮಾತಾಡಿ

ಜೇವರ್ಗಿ ತಾಲೂಕಿನ ನಮ್ಮ ಊರಲ್ಲಿ ನಮ್ಮ ಆಯಿ, ಅಂದರೆ ಅಜ್ಜಿ, ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಮರದಲ್ಲಿ (ಮೊರದಲ್ಲಿ) ಜೋಳ ಹಸನು ಮಾಡುತ್ತಿದ್ದಳು. ಕೈ ಕೇರುತ್ತಿತ್ತು, ಬಾಯಿ ಮಾತಾಡುತ್ತಿತ್ತು. "ಏನಪಾ ಮಲ್ಲಯ್ಯಾ, ಈ ವರ್ಸನೂ ಮಳಿ ಕೈ ಕೊಟ್ಟಿ. ನಿನಗ ಇನ್ನ ಎಷ್ಟ್ ಹೇಳ್ಲಿ ನಾ?" ಅಷ್ಟು ಹೇಳಿ ಸುಮ್ಮನಾಗುತ್ತಿದ್ದಳು. ಮರ ಅಲುಗುವುದೂ ನಿಲ್ಲುತ್ತಿತ್ತು. ತಲೆ ಸ್ವಲ್ಪ ಓರೆ ಮಾಡಿ, ಎದುರಿನವರ ಮಾತು ಕೇಳುವವಳ ಹಾಗೆ ಇರುತ್ತಿದ್ದಳು. ಮತ್ತೆ "ಹೂಂ, ಆಯ್ತು ಬಿಡು" ಎಂದು ಕಲ್ಲು ಆರಿಸಿ ಎಸೆಯುತ್ತಿದ್ದಳು. ಐದಾರು ವರ್ಷದ ನಾನು ಬಾಗಿಲ ಹಿಂದೆ ಯಾರೋ ಇದ್ದಾರೆ ಎಂದು ಹೋಗಿ ನೋಡಿ ಬಂದಿದ್ದೆ.

ಆಯಿಗೆ ಒಂದು ಅಕ್ಷರ ಬರುತ್ತಿರಲಿಲ್ಲ. ಆದರೆ ಪ್ರಾರ್ಥನೆ ಎಂದರೆ ಏನು ಎಂದು ನಾನು ಕಲಿತದ್ದು ಅವಳಿಂದ.

ಮಂತ್ರ, ಸ್ತೋತ್ರ ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಏನೂ ಕಳೆದುಕೊಂಡಿಲ್ಲ. ಕೂತು, ಹೆಸರು ಹಿಡಿದು ಕರೆದು, ಇವತ್ತಿನ ಸಂಗತಿ ಹೇಳಿ. ಸಿಟ್ಟು ಇದ್ದರೆ ಸಿಟ್ಟೇ ಹೇಳಿ. "ನನಗೆ ನಿನ್ನ ಮೇಲೆ ನಂಬಿಕೆ ಬರ್ತಿಲ್ಲ" ಎಂದೂ ಹೇಳಿ. ನಮ್ಮ ವಚನಗಳೆಲ್ಲ ಇಂಥ ಮಾತೇ. ಪ್ರತಿ ವಚನದ ಕೊನೆಗೆ ದೇವರನ್ನು ಹೆಸರಿಟ್ಟು ಕೂಗುತ್ತಾರಲ್ಲ, ಅದು ಪಕ್ಕದಲ್ಲಿ ಕೂತವರನ್ನು ಕರೆದ ಹಾಗೆ. ಅಂಬಿಗರ ಚೌಡಯ್ಯ ಅಂತೂ ಅಂಕಿತಕ್ಕೆ ತನ್ನ ಹೆಸರನ್ನೇ ಇಟ್ಟುಕೊಂಡ. ದೋಣಿ ನಡೆಸುವವನು ನಾನು ಎಂದು ಹೇಳಿಕೊಳ್ಳಲು ಅವನಿಗೆ ಸಂಕೋಚ ಇರಲಿಲ್ಲ.

ಆ ಶರಣರ ಹೆಸರುಗಳನ್ನೇ ನೋಡಿ. ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ಕೊಟ್ಟಣದ ಸೋಮಮ್ಮ. ಬಟ್ಟೆ ಒಗೆಯುವವರು, ಹಗ್ಗ ಹೊಸೆಯುವವರು, ಬುಟ್ಟಿ ಹೆಣೆಯುವವರು, ಭತ್ತ ಕುಟ್ಟುವವರು. ಊರು ಯಾವ ಕೆಲಸ ನೋಡಿ ಇವರನ್ನು ಕೆಳಗೆ ಕೂರಿಸಿತ್ತೋ, ಆ ಕೆಲಸವನ್ನೇ ಹೆಸರಿನ ಮುಂದೆ ಇಟ್ಟುಕೊಂಡು ಕಲ್ಯಾಣದಲ್ಲಿ ತಲೆ ಎತ್ತಿ ನಡೆದರು. ಇವತ್ತಿನ ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲೇ ಇದೆ. ಒಮ್ಮೆ ಹೋಗಿ ಬನ್ನಿ. ಬಸ್ಸಿನಲ್ಲಿ ಕೂತಾಗ ನಿಮ್ಮ ಕೆಲಸವನ್ನು ನಿಮ್ಮ ಹೆಸರಿನ ಮುಂದೆ ಇಟ್ಟು ಒಂದು ಸಲ ಮನಸ್ಸಿನಲ್ಲೇ ಹೇಳಿಕೊಳ್ಳಿ. ಕೆಲಸ ಇಲ್ಲದವರು ನಾಳೆ ಮಾಡಬೇಕೆಂದಿರುವ ಕೆಲಸ ಇಟ್ಟು ಹೇಳಿಕೊಳ್ಳಿ.

ಮಾತು ಮುಗಿದ ಮೇಲೆ ಎರಡು ನಿಮಿಷ ಸುಮ್ನೆ ಇರಿ. ಆಯಿ ಮರ ನಿಲ್ಲಿಸುತ್ತಿದ್ದ ಹಾಗೆ. ಏನೂ ಕೇಳಿಸದೆ ಇರಬಹುದು. ಹೆಚ್ಚಿನ ದಿನ ನನಗೂ ಏನೂ ಕೇಳಿಸುವುದಿಲ್ಲ. ಆದರೂ ಆ ಎರಡು ನಿಮಿಷ ಬಿಡಬೇಡಿ. ನಾವೇ ಮಾತಾಡಿ ಎದ್ದು ಹೋದರೆ ಅದು ಅರ್ಜಿ ಕೊಟ್ಟು ಬಂದ ಹಾಗೆ ಆಗುತ್ತದೆ.

ದೇವರ ಜೊತೆ ವ್ಯವಹಾರ ನಿಲ್ಲಿಸಿ

ನನಗೆ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ ಇದು. 11 ವರ್ಷ ಜಮಾ, ಖರ್ಚು ಬರೆದವಳು ದೇವರ ಮುಂದೆಯೂ ಅದನ್ನೇ ಮಾಡುತ್ತಿದ್ದೆ. ಐದು ಸೋಮವಾರ ಉಪವಾಸ, ಅದಕ್ಕೆ ಒಂದು ಕೆಲಸ. ಇಷ್ಟು ದೀಪ, ಅದಕ್ಕೆ ಅವ್ವನ ಮೊಣಕಾಲು ನೋವು ಕಡಿಮೆ. ಕೇಳಿದ್ದು ಸಿಗದಿದ್ದರೆ ಎರಡು ನೋವು. ಒಂದು, ಸಿಗಲಿಲ್ಲ ಅಂತ. ಇನ್ನೊಂದು, ದೇವರಿಗೂ ನಾನು ಬೇಡವಾದೆ ಅಂತ. ಈ ಎರಡನೆಯದು ಮನುಷ್ಯನನ್ನು ಒಳಗೇ ತಿನ್ನುತ್ತದೆ.

ಹರಕೆ ಹೊರುವುದು ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಹಿರಿಯರು ಹೊತ್ತರು, ನಾವೂ ಹೊರುತ್ತೇವೆ. ಆದರೆ ನಿಮ್ಮ ಬೆಲೆಯನ್ನು ಹರಕೆಯ ಫಲಕ್ಕೆ ಕಟ್ಟಬೇಡಿ.

ಇಲ್ಲಿ ನನಗೆ ಕೈ ಹಿಡಿದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಕಡೆಯ ಅಮರೇಶ್ವರದಿಂದ ಗಂಡ ಮಾರಯ್ಯನ ಜೊತೆ ಕಲ್ಯಾಣಕ್ಕೆ ಬಂದವಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಡುಗೆ ಮಾಡಿ ದಾಸೋಹ ನಡೆಸುವುದು ಇಬ್ಬರದೂ. ಒಂದು ದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. "ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?" ಎಂದು ಕೇಳಿದಳು. "ಈಸಕ್ಕಿಯಾಸೆ ನಿಮಗೇಕೆ?" ಎಂದಳು. ಹೆಚ್ಚಿನ ಅಕ್ಕಿಯನ್ನು ತಿರುಗಿ ಸುರಿದು ಬರಲು ಕಳಿಸಿದಳು.

ಬಹಳ ದಿನ ನಾನು ಇದನ್ನು ದುರಾಸೆ ಬೇಡ ಎನ್ನುವ ನೀತಿಕತೆ ಎಂದುಕೊಂಡಿದ್ದೆ. ಈಗ ಬೇರೆಯೇ ಕಾಣುತ್ತದೆ. ಅಕ್ಕಿ ಆಯುವ ಮನೆಯ ಹೆಂಗಸು, ನಾಳೆಗೆ ಏನೂ ಇಲ್ಲದವಳು, ಇಷ್ಟು ಗಟ್ಟಿಯಾಗಿ ಬೇಡ ಎನ್ನಬೇಕಾದರೆ ಅವಳಿಗೆ ಒಳಗೆ ಏನೋ ಸಿಕ್ಕಿತ್ತು. ಕೊರತೆ ಇದ್ದವರು ಹಾಗೆ ಬೇಡ ಎನ್ನಲಾರರು. ಅವಳ ಬೆಲೆ ಅಕ್ಕಿಯ ಸೇರಿನಲ್ಲಿ ಇರಲಿಲ್ಲ.

ಹೀಗೆ ಮಾಡಿ. 21 ದಿನ ದೇವರ ಮುಂದೆ ಕೂತಾಗ ಏನೂ ಕೇಳಬೇಡಿ. ಕಷ್ಟ ಹೇಳಿಕೊಳ್ಳಿ, ಅದಕ್ಕೆ ಬೇಲಿ ಇಲ್ಲ. ಆದರೆ "ಇದು ಕೊಡು, ಅದು ಮಾಡ್ತೀನಿ" ಎನ್ನುವ ಮಾತು ಬಾಯಿಗೆ ಬಂದರೆ ನಿಲ್ಲಿಸಿ. ಬದಲಿಗೆ "ಬಂದೀನಿ, ಕುಂತೀನಿ" ಎಂದು ಹೇಳಿ. ಮೊದಲ ವಾರ ಬಾಯಿ ಕಟ್ಟಿದ ಹಾಗೆ ಆಗುತ್ತದೆ. ಎರಡನೇ ವಾರದಲ್ಲಿ, ಕೇಳುವುದಕ್ಕೇ ನಾನು ಇಷ್ಟು ದಿನ ಬರುತ್ತಿದ್ದೆನಾ ಎಂದು ನಾಚಿಕೆಯಾಗುತ್ತದೆ. ಆ ನಾಚಿಕೆ ಒಳ್ಳೆಯದೇ. ಅದನ್ನೂ ಹೇಳಿಬಿಡಿ.

ತಗೊಳ್ಳುವುದನ್ನು ಕಲಿಯಿರಿ

ತನಗೆ ಬೆಲೆ ಇಲ್ಲ ಎಂದುಕೊಂಡವರು ಯಾರಿಂದಲೂ ಏನೂ ಇಸಿದುಕೊಳ್ಳಲಾರರು. ಚಹಾ ಕೊಟ್ಟರೆ "ಬ್ಯಾಡ್ರಿ" ಅನ್ನುತ್ತಾರೆ. ಹೊಗಳಿದರೆ ಮಾತು ತಿರುಗಿಸುತ್ತಾರೆ. ನಾನು ಹಾಗೇ ಇದ್ದೆ. ಗಳಿಸಿದ್ದು ಮಾತ್ರ ನನ್ನದು ಎಂಬ ಹಟ. ಆ ಹಟ ಇರುವ ತನಕ ದೇವರ ಪ್ರೀತಿಯೂ ಒಳಗೆ ಬರುವುದಿಲ್ಲ, ಯಾಕೆಂದರೆ ಅದನ್ನು ಗಳಿಸಲು ಬರುವುದಿಲ್ಲ.

ಬೀದರಿನ ಝರಣಿ ನರಸಿಂಹ ಗುಹೆಗೆ ಹೋದವರಿಗೆ ಗೊತ್ತು. ಎದೆಮಟ್ಟದ ನೀರಿನಲ್ಲಿ ನಡೆದು ಒಳಗೆ ಹೋಗಬೇಕು. ಮೇಲೆ ಬಾವಲಿಗಳು. ಕಾಲ ಕೆಳಗೆ ಏನಿದೆ ಎಂದು ಕಾಣುವುದಿಲ್ಲ. ನಾನು ಹೋದ ದಿನ ನನ್ನ ಮುಂದೆ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದರು. ಮೂರು ವರ್ಷ ಇರಬಹುದು ಆ ಮಗುವಿಗೆ. ಅವರಿಗೆ ನೀರು ಎದೆಗೆ ಬಂದಿತ್ತು. ಒಂದು ಕೈ ಅವಳ ಕಾಲು ಹಿಡಿದಿತ್ತು, ಇನ್ನೊಂದು ಕೈ ಗೋಡೆ ಸವರುತ್ತಿತ್ತು. ಅವಳು ತಂದೆಯ ಒದ್ದೆ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಬಾವಲಿ ಎಣಿಸುತ್ತಿದ್ದಳು. ಎಣಿಕೆ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ಪಾದ ನೀರಿಗೆ ತಾಗಿದಾಗ "ಪಪ್ಪಾ, ಥಂಡಿ" ಎನ್ನುತ್ತಿದ್ದಳು. ಅವರು ಅವಳನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿಕೊಳ್ಳುತ್ತಿದ್ದರು.

ಆ ಹೆಗಲಿಗೆ ಏರಲು ಅವಳು ಏನೂ ಮಾಡಿರಲಿಲ್ಲ. ನಾನು ಆ ನೀರಿನಲ್ಲಿ ನಿಂತು ಅತ್ತೆ. ಕತ್ತಲಲ್ಲಿ, ಮುಖವೆಲ್ಲ ಒದ್ದೆ ಇದ್ದಾಗ ಯಾರಿಗೆ ಕಾಣುತ್ತದೆ? ಮೂರು ತಿಂಗಳಿನಿಂದ ನನಗೆ ತಿಳಿಯದೇ ಇದ್ದದ್ದು ಆ ಮಗುವಿಗೆ ತಿಳಿದಿತ್ತು.

(ಹೋಗುವ ಮುಂಚೆ ಗುಹೆ ಒಳಗೆ ಬಿಡುತ್ತಿದ್ದಾರಾ ಎಂದು ಕೇಳಿಕೊಳ್ಳಿ. ಉಸಿರಾಟದ ತೊಂದರೆ ಇರುವವರು ಹೊರಗಿನಿಂದಲೇ ಕೈಮುಗಿಯಿರಿ. ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.)

ಅದೇ ಬೀದರಿನಲ್ಲಿ ನಾನಕ್ ಝೀರಾ ಗುರುದ್ವಾರ ಇದೆ. ಅಲ್ಲಿಯ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಊಟ ಬಡಿಸುವ ಜಾಗದಲ್ಲಿ, ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು. ಹೆಸರು, ಜಾತಿ, ಊರು ಯಾರೂ ಕೇಳುವುದಿಲ್ಲ. ರೊಟ್ಟಿಯನ್ನು ತಟ್ಟೆಗೆ ಹಾಕಿಸಿಕೊಳ್ಳುವುದಿಲ್ಲ, ಎರಡೂ ಅಂಗೈ ಚಾಚಿ ತೆಗೆದುಕೊಳ್ಳುತ್ತಾರೆ. ಬಿಸಿ ರೊಟ್ಟಿ ಅಂಗೈಗೆ ಬಿದ್ದಾಗ ಆಗುವುದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ. ಹೋಗಿ ಕೈ ಚಾಚಿ ನೋಡಿ. 1699ರಲ್ಲಿ ಗುರು ಗೋಬಿಂದ್ ಸಿಂಗರು ತಲೆ ಕೊಡುವವರು ಯಾರು ಎಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಸಾಹಿಬ್ ಸಿಂಗ್. ಕ್ಷೌರಿಕರ ಮನೆತನದವರು. ಅವರನ್ನು ಇವತ್ತು ಸಿಖ್ಖರು ಪಂಚ ಪ್ಯಾರೆ, ಅಂದರೆ ಐವರು ಪ್ರೀತಿಪಾತ್ರರು ಎಂದು ಸಾಲಿನಲ್ಲಿ ಸೇರಿಸಿ ಕರೆಯುತ್ತಾರೆ.

ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ದತ್ತನ ಭಕ್ತರು ಜೋಳಿಗೆ ಹಿಡಿದು ಮಧುಕರಿ ಬೇಡುತ್ತಾರೆ. ದೊಡ್ಡ ಕಾರಿನಲ್ಲಿ ಬಂದವರೂ ಮನೆಮನೆಯ ಮುಂದೆ ನಿಲ್ಲುತ್ತಾರೆ. ಕಲಬುರಗಿಯ ದರ್ಗಾದ ಖ್ವಾಜಾ ಅವರನ್ನು ಎಲ್ಲರೂ ಕರೆಯುವುದು ಬಂದೇ ನವಾಜ್ ಎಂದು. ಸೇವಕರನ್ನು ಕರುಣೆಯಿಂದ ಪೊರೆಯುವವರು ಎಂದು ಅದರ ಅರ್ಥ. ಅವರು 1422ರಲ್ಲಿ ತೀರಿಕೊಂಡರು. ಇವತ್ತಿಗೂ ಅಲ್ಲಿ ಯಾವ ಧರ್ಮದವರೂ ಹೋಗಿ ಕೂತು ಬರುತ್ತಾರೆ. ನಿಮಗೆ ಹತ್ತಿರವಾದ ಯಾವುದಾದರೂ ಒಂದು ಜಾಗಕ್ಕೆ ಹೋಗಿ, ಏನೂ ಕೊಡದೆ, ಏನಾದರೂ ಇಸಿದುಕೊಂಡು ಬನ್ನಿ. ಒಂದು ತುತ್ತು ಪ್ರಸಾದವಾದರೂ ಸಾಕು. ಹುಂಡಿಗೆ ಹಾಕಿ ಲೆಕ್ಕ ಚುಕ್ತಾ ಮಾಡಲು ಹೋಗಬೇಡಿ, ಅವತ್ತು ಮಾತ್ರ.

ಆಮೇಲೆ ಕೈ ಕೆಲಸ

ಈ ಕ್ರಮ ತಪ್ಪಿಸಬೇಡಿ. ಇಸಿದುಕೊಳ್ಳುವುದು ಮೊದಲು, ಕೊಡುವುದು ಆಮೇಲೆ. ನಾನು ತಿರುಗಿಸಿ ಮಾಡಿ ಬಹಳ ದಣಿದೆ. ಸೇವೆ ಮಾಡಿದರೆ ದೇವರು ಮೆಚ್ಚುತ್ತಾನೆ ಎಂದು ಮಾಡಿದಾಗ ಅದು ಇನ್ನೊಂದು ನೌಕರಿ ಆಗಿತ್ತು, ಪಗಾರ ಇಲ್ಲದ ನೌಕರಿ.

ನಮ್ಮ ಊರ ಹತ್ತಿರದ ಮಠದ ಜಾತ್ರೆಗೆ ರೊಟ್ಟಿ ಜೋಡಿಸಲು ಹೋಗಿದ್ದೆ. ಹತ್ತಾರು ಮನೆಗಳಿಂದ ಜೋಳದ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದವು. ಕೆಲವು ಕಟಕ್, ಕೆಲವು ಮೆತ್ತಗೆ. ಕೆಲವು ಚಂದ್ರನ ಹಾಗೆ ದುಂಡಗೆ, ಕೆಲವಕ್ಕೆ ಅಂಚು ಹರಿದಿತ್ತು. ನನ್ನ ಬಾಯಿ ತಾನಾಗಿಯೇ ಎಣಿಸಲು ಶುರುಮಾಡಿತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಅಮ್ಮ ನನ್ನ ಮಣಿಕಟ್ಟು ಹಿಡಿದಳು. "ಎಣಸಬ್ಯಾಡವ್ವಾ. ಎಣಿಸಿದ್ರ ಕಡಿಮಿ ಬೀಳ್ತಾವ." ಹರಿದ ರೊಟ್ಟಿ ಬೇರೆ ಇಡಲೇ ಎಂದು ಕೇಳಿದೆ. "ಯಾಕ? ಅದೂ ಜ್ವಾಳದ್ದೇ ಅಲ್ಲೇನು?" ಎಂದು ತಾನೇ ಅದನ್ನು ಅಟ್ಟಿಯ ನಡುವೆ ಸೇರಿಸಿದಳು.

ರಾಶಿ ಅಳೆಯುವಾಗ ನಮ್ಮಲ್ಲಿ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಲೆಕ್ಕ ಬರೆಯುವ ನನಗೆ ಚಿಕ್ಕಂದಿನಿಂದ ಅದು ಒಂದು ತಮಾಷೆಯಾಗಿ ಕಂಡಿತ್ತು. ಅವತ್ತು ರೊಟ್ಟಿಯ ಅಟ್ಟಿಯ ಮುಂದೆ ಕೂತಾಗ ಅದರ ಅರ್ಥ ಹೊಳೆಯಿತು. ಎಣಿಸಲು ಶುರುಮಾಡುವ ಮುಂಚೆಯೇ ಬಂದದ್ದು ಒಂದಿದೆ.

ಏನು ಕೆಲಸ ಹಿಡಿಯಬೇಕು? ಚಿಕ್ಕದು, ಯಾರಿಗೂ ಕಾಣದ್ದು, ವಾರಕ್ಕೆ ಒಂದು ಸಲ. ಪಾತ್ರೆ ತೊಳೆಯುವುದು, ಚಪ್ಪಲಿ ನೋಡಿಕೊಳ್ಳುವುದು, ಆಸ್ಪತ್ರೆಯಲ್ಲಿ ಒಬ್ಬರೇ ಇರುವ ರೋಗಿಗೆ ಬಿಸಿನೀರು ತಂದುಕೊಡುವುದು. ಶರಣಬಸವೇಶ್ವರರು ಅರಳಗುಂಡಗಿಯಲ್ಲಿ ಒಕ್ಕಲುತನ ಮಾಡುತ್ತಿದ್ದಾಗ ಹಕ್ಕಿಗಳನ್ನು ಓಡಿಸಲಿಲ್ಲ, ತಿಂದು ಕುಡಿಯಲಿ ಎಂದು ಹೊಲದಲ್ಲಿ ನೀರೂ ಇಟ್ಟರು ಎಂದು ನಮ್ಮ ಕಡೆ ಹೇಳುತ್ತಾರೆ. ನಿಮ್ಮ ಮಾಳಿಗೆಯ ಮೇಲೆ ಒಂದು ಮಣ್ಣಿನ ಪರಿಯಾಣ ನೀರು ಇಡಿ. ಫೋಟೋ ತೆಗೆಯಬೇಡಿ.

ಏನೂ ಅನಿಸದ ದಿನಗಳು

ಬರುತ್ತವೆ. ಕೂತರೆ ಬರೀ ಗೋಡೆ ಕಾಣುತ್ತದೆ. ಇದೆಲ್ಲ ನಾನೇ ಕಟ್ಟಿಕೊಂಡ ಕತೆ ಅನಿಸುತ್ತದೆ.

ತೊಗರಿ ಬಿತ್ತಿದವರಿಗೆ ಗೊತ್ತು. ಜೂನ್, ಜುಲೈನಲ್ಲಿ ಬಿತ್ತಿದ ಮೇಲೆ ಮೊದಲ ಒಂದೂವರೆ ತಿಂಗಳು ಗಿಡ ಮೇಲೆ ಏಳುವುದೇ ಇಲ್ಲ. ಪಕ್ಕದ ಸಾಲಿನ ಹೆಸರು, ಉದ್ದು ಹೂ ಬಿಟ್ಟು ಕಾಯಿ ಕಟ್ಟಿ ರಾಶಿಯೂ ಆಗಿಬಿಡುತ್ತವೆ. ಹೊಸದಾಗಿ ನೋಡಿದವರು ತೊಗರಿ ಕೈಕೊಟ್ಟಿತು ಎನ್ನುತ್ತಾರೆ. ಆದರೆ ಅದು ಬೇರು ಕೆಳಗೆ ಇಳಿಸುತ್ತಿರುತ್ತದೆ. ಮಳೆ ನಿಂತ ಮೇಲೆ, ನವೆಂಬರ್, ಡಿಸೆಂಬರ್‌ನಲ್ಲಿ, ಉಳಿದದ್ದೆಲ್ಲ ಒಣಗಿದಾಗ ಹಸಿರಾಗಿ ನಿಂತಿರುವುದು ಅದೇ. ಇಂಥ ದಿನಗಳಲ್ಲಿ ನಾನು ಹೊತ್ತು ಕಡಿಮೆ ಮಾಡುತ್ತೇನೆ, ಬಿಡುವುದಿಲ್ಲ. 10 ನಿಮಿಷದ ಬದಲು ಮೂರು. "ಬಂದೀನಿ, ಕುಂತೀನಿ." ಎದ್ದು ಕೆಲಸಕ್ಕೆ ಹೋಗುತ್ತೇನೆ.

ಆದರೆ ಒಂದು ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕಿ ಏನು ಮಾಡಲಿ ಎಂಬ ಯೋಚನೆ ಬರುತ್ತಿದೆ ಎಂದರೆ ಅದು ಭಕ್ತಿ ಕಡಿಮೆಯಾದದ್ದರಿಂದ ಅಲ್ಲ. ಅದು ಕಾಯಿಲೆ ಇರಬಹುದು. ಅದಕ್ಕೆ ಔಷಧಿ ಇದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಹಗಲು ರಾತ್ರಿ ಇರುತ್ತದೆ. ನಾನು ಆರು ತಿಂಗಳು ಗುಳಿಗೆ ತೆಗೆದುಕೊಂಡೆ. ಬೆಳಗ್ಗೆ ಲಿಂಗಪೂಜೆ, ರಾತ್ರಿ ಗುಳಿಗೆ. ದೇವರಿಗೆ ಅದರಿಂದ ಬೇಜಾರಾದ ಹಾಗೆ ನನಗೆ ಕಾಣಲಿಲ್ಲ. ಆ ಡಾಕ್ಟರನ್ನು ನನ್ನ ದಾರಿಗೆ ತಂದವನೂ ಅವನೇ ಎಂದು ನಾನು ನಂಬಿದ್ದೇನೆ.

ಯಾರ ಜೊತೆ ಕೂರಬೇಕು, ಯಾರ ಹತ್ತಿರ ಹೋಗಬಾರದು

ಒಬ್ಬರೇ ಈ ದಾರಿ ನಡೆಯುವುದು ಕಷ್ಟ. ಕಲ್ಯಾಣದ ಶರಣರೂ ಒಬ್ಬೊಬ್ಬರೇ ಕೂರಲಿಲ್ಲ. ಅನುಭವ ಮಂಟಪದಲ್ಲಿ ಒಟ್ಟಿಗೆ ಕೂತು ಮಾತಾಡಿದರು. ನಿಮಗೆ ಅಷ್ಟು ದೊಡ್ಡದೇನೂ ಬೇಡ. ನಮ್ಮ ಹಳ್ಳಿಗಳಲ್ಲಿ ಇನ್ನೂ ಅಮಾವಾಸ್ಯೆಗೆ ಭಜನೆ ನಡೆಯುತ್ತದೆ. ಏಕತಾರಿ, ದಮ್ಮಡಿ, ತಾಳ ಹಿಡಿದು ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಎರಡರವರೆಗೆ ಕೂತು ಒಂದು ಪದದ ಅರ್ಥಕ್ಕೆ ವಾದ ಮಾಡುತ್ತಾರೆ. ಹಿಂದಿನ ಸಾಲಿನಲ್ಲಿ ಹೋಗಿ ಕೂತರೂ ಸಾಕು. ಚರ್ಚಿನ ಪ್ರಾರ್ಥನಾ ಕೂಟ, ಸತ್ಸಂಗ, ನಿಮಗೆ ಯಾವುದು ಹೊಂದುತ್ತದೋ ಅದು.

ನಿಮ್ಮನ್ನು ಚಿಕ್ಕವರನ್ನಾಗಿ ಮಾಡುವ ಜಾಗ ಮಾತ್ರ ಬಿಟ್ಟುಬಿಡಿ. ಇಷ್ಟು ಸಾವಿರದ ಪೂಜೆ ಮಾಡಿಸಿದರೆ ನಿನ್ನ ದೋಷ ಹೋಗುತ್ತದೆ ಎನ್ನುವವರು, ನಿನ್ನ ಪಾಪದಿಂದಲೇ ಮಕ್ಕಳಾಗಿಲ್ಲ ಎನ್ನುವವರು, ಡಾಕ್ಟರ ಗುಳಿಗೆ ಬಿಡು ಎನ್ನುವವರು, ಒಬ್ಬಳೇ ಬಾ ಎಂದು ಕರೆಯುವವರು. ಅವರ ಹಣೆಯ ಮೇಲೆ ಎಷ್ಟು ವಿಭೂತಿ ಇದ್ದರೂ ಎದ್ದು ಬನ್ನಿ.

ಇವತ್ತು ರಾತ್ರಿ ಮಾಡಬೇಕಾದದ್ದು ಇಷ್ಟೇ. 20 ರೂಪಾಯಿಯ ಒಂದು ನೋಟ್‌ಬುಕ್, ಒಂದು ಪೆನ್ನು ದಿಂಬಿನ ಪಕ್ಕ ಇಡಿ. ಮೊದಲ ಪುಟದ ನಡುವೆ ಗೆರೆ ಎಳೆಯಿರಿ. ಕೂರುವ ಜಾಗ ಗುಡಿಸಿ, ಚಾಪೆ ಹಾಸಿ ಬಿಡಿ. ಐದೂವರೆಗೆ ಅಲಾರಂ ಇಟ್ಟು ಮೊಬೈಲನ್ನು ಅಡುಗೆಮನೆಯಲ್ಲಿ ಇಡಿ. ಆರಿಸಲು ಹೇಗೂ ಎದ್ದೇ ಹೋಗಬೇಕಾಗುತ್ತದೆ. ಎದ್ದಮೇಲೆ ಮುಖ ತೊಳೆದು, ಬಂದು ಕೂತು, ಅವನನ್ನು ಹೆಸರು ಹಿಡಿದು ಕರೆಯಿರಿ.